ಉಸುರು

ಬಿ.ಪಿ. ಪಟ್ಟಿ ಬಿಚ್ಚಿಕೋತ ಡಾಕ್ಟರಬಾಯಿ ಅಂದಳು,
'ಟೆನ್ಶನ್ ತಗೋಬ್ಯಾಡ ನಿಂಬೆವ್ವ.'
ತಗೊಂಡದ್ದಲ್ಲ ಬಾಯಿ, ಕೊಟ್ಟದ್ದು ಅಂದೆ.
ಆಕಿ ನಗಲಿಲ್ಲ. ಚೀಟಿ ಬರದಳು:
ಗುಳಿಗಿ ಎರಡು, ಉಪ್ಪು ಕಮ್ಮಿ,
ಮಂಗಳವಾರ ಶುಕ್ರವಾರ ಯೋಗ,
ಸಮಾಜಮಂದಿರದಾಗ, ಪುಕ್ಕಟ.

ಪುಕ್ಕಟ ಅಂದ್ರೂ ತಾಸಿಗಿ ನೂರು ಬೀಡಿ ಲುಕ್ಸಾನ.

ಆದರೂ ಹೋದಿವಿ. ಸೊಲ್ಲಾಪುರದ ನಮ್ಮ ಗಲ್ಲಿಯವರು ಹನ್ನೊಂದು ಮಂದಿ:
ನಾನು, ಬಾಜೂಮನಿ ಅನಸೂಯಾ, ಆಕಿದು ತೆಲುಗು,
ಶಮೀಮಬಾನು, ಆಕಿ ಇಬ್ಬರು ಸೊಸ್ತೇರು, ಮತ್ತ ಉಳಿದವರು.
ತಂಬಾಕದ ಮರ ಮನ್ಯಾಗ ಬಿಟ್ಟು ಬಂದು
ತೊಡಿ ಹಗರ ಆಗಿತ್ತು,
ಕೂಸನ್ನ ಎಲ್ಲೋ ಮರತು ಬಂದಂಗ.

ಕಲಸಾಕ ಬಂದಾಕಿ ಪ್ರಾಜಕ್ತಾ, ನನ್ನ ಮಗಳ ವಾರಿಗಿ.
'ಸುಖಾಸನ' ಅಂದಳು. ಚಕ್ಕಳಮಕ್ಕಳ ಹಾಕಿ ತೋರಿಸಿದಳು.
ಅನಸೂಯಾ ನನ್ನ ಮಾರಿ ನೋಡಿದಳು, ನಾ ಆಕಿ ಮಾರಿ.
ಮೂವತ್ತೊಂದು ವರ್ಷ ಹಿಂಗ ಕುಂತೇವಿ,
ಇದರ ಹೆಸರಿನಾಗ ಸುಖ ಐತಂತ
ಒಬ್ಬರೂ ಹೇಳಿದ್ದಿಲ್ಲ.

'ಶ್ವಾಸ ಘ್ಯಾ. ಶ್ವಾಸ ಸೋಡಾ.'
ಮರಾಠಿ ನಮಗ ಬರತೈತಿ, ಸಂತಿದು, ಸಾಲಿದು, ದವಾಖಾನಿದು;
ಸೋಡಾ ಅಂದ್ರ ಬಿಡ್ರಿ ಅಂತ ಗೊತ್ತೈತಿ.
ಆದರ ಶಮೀಮಬಾನುಗ ಗೋಲಿ ಸೋಡಾನ ನೆನಪಾತು.
'ಲಿಂಬಿ ಹಿಂಡಾಕ ನಿಂಬೆವ್ವ ಅದಾಳ' ಅಂದಳು.
ಹೊಟ್ಟಿ ಹಿಡಕೊಂಡು ನಕ್ಕಿವಿ, ಕೆಮ್ಮು ಬರೂತನಕ.
ಪಾಪ, ಯೋಗ ಇನ್ನೂ ಚಾಲೂ ಆಗಿಲ್ಲ
ಅಂದುಕೊಂಡಿತ್ತು ಹುಡುಗಿ.

ಮುಂದಿನ ವಾರ, ಯಾರನ್ನ ಕೇಳಿ ಬಂದಿದ್ದಳೋ,
ಕನ್ನಡದಾಗ ಅಂದಳು:
'ಉಸುರು ತಗೋರಿ. ಉಸುರು ಬಿಡ್ರಿ.'

ಅಲ್ಲಿ ನಾ ನಿಂತೆ.

ಉಸುರು ಬಿಡಬ್ಯಾಡ, ಅಂದಿದ್ದಳು ಅವ್ವ
ಅಪ್ಪ ಬಿಲವರ ಒತ್ತಿ ಇಟ್ಟ ದಿನ.
ಉಸುರು ಬಿಟ್ಟಿ ಅಂದ್ರ ನೋಡು, ಅಂದಿದ್ದ ಇಂವ
ಗಲ್ಲಿಯ ಭಿಶಿ ರೊಕ್ಕ ಮುಳಗಿಸಿ ಬಂದ ರಾತ್ರಿ.
ಉಸುರು ಬಿಡಬ್ಯಾಡ ಅಂತ ನಾನೂ ಅಂದೇನಿ, ಮಗಳಿಗಿ.
ಅದು ಯಾಕ ಅನ್ನೂದು ಇಲ್ಲಿ ಹೇಳಾಂಗಿಲ್ಲ.

ಇಷ್ಟೆಲ್ಲಾ ಗಟ್ಟಿ ಹಿಡದದ್ದು,
ಒಂದು ಹುಡುಗಿ ನಾಕರ ಮಟ ಎಣಿಸಿ
ಬಿಡು ಅಂದ್ರ ಬಿಡಾಕ
ಹಗ್ಗ ಬಿಚ್ಚಿದ ಕರ ಏನು?

ಬಿಟ್ಟೆ. ತುಸು.
ಬಂದದ್ದು ಗಾಳಿ ಅಷ್ಟ,
ಅದರ ಬೆನ್ನಿಗಿ ಒಂದು ಮಾತೂ ಬರಲಿಲ್ಲ.
ಗ್ವಾಡಿ ಆಚಿ ಚಾದರದ ಮಗ್ಗ ಖಟ್ ಖಟ್ ನಡದಿತ್ತು.
ಯಾರಿಗೂ ಏನೂ ಗೊತ್ತಾಗಲಿಲ್ಲ.

ಕಡೀಕ ಶವಾಸನ.
ಅನಸೂಯಾ ಅಂಗಾತ ಮಲಗಿ ಹಗೂರಕ ಅಂದಳು,
'ಅಳಾಕ ಯಾರರೆ ಬೇಕಲ್ಲ?'
ಕಾಲು ಸತ್ತವು. ಸೊಂಟ ಸತ್ತಿತು.
ಬಲಗೈ ಸಾಯಲಿಲ್ಲ.
ಹೆಬ್ಬೆರಳು ತೋರಬೆರಳು ತಾವ ತಾವ
ಎಲಿ ಸುರಳಿ ಮಾಡಕೋತ, ಮೂತಿ ಮಡಚಕೋತ,
ಇಲ್ಲದ ದಾರ ಸುತ್ತಕೋತ.
ಪ್ರಾಜಕ್ತಾ ಬಾಜೂಕ ಬಂದು ಕುಂತಳು. ಕೈ ಹಿಡೀಲಿಲ್ಲ.
'ಎಷ್ಟು ಆದವು ಮಾವಶಿ?'
'ಇಪ್ಪತ್ನಾಕು' ಅಂದೆ, ಕಣ್ಣ ತೆರೀದ.
'ಇನ್ನೊಂದಾದ್ರ ಕಟ್ಟು.'
'ಹಂಗಾದ್ರ ಅದೊಂದು ಮುಗಸ್ರಿ.'

ಮುಗಸಿದೆ.

ಮೊನ್ನೆ ಕಾರಖಾನ್ಯಾಗ ಚೆಕ್ಕರ್
ಎಲಿ ಕಚ್ಚಾ ಅಂತ ಎಂಬತ್ತು ಬೀಡಿ ಮುರದು ಚೆಲ್ಲಿದ.
ಬಾಯಿಗಿ ಬಂದದ್ದು ನುಂಗಿದೆ, ಹಳೇ ರೂಢಿ.
ಮನಿಗಿ ಬರೂ ಮುಂದ ಟಮಟಮದಾಗ ಕುಂತು
ಹೆಬ್ಬೆರಳಿಗಿ ತೋರಬೆರಳು ಹಚ್ಚಿದೆ.
ಆಕಿ ತೋರಿಸಿದ ಮುದ್ರಿ ಅದು,
ಬೀಡಿ ಹಿಡಿಯೂ ಬೆರಳ, ಬೀಡಿ ಹಿಡಿಯೂ ಹಂಗನ,
ನಡುವ ಎಲಿ ಇಲ್ಲ, ತಂಬಾಕ ಇಲ್ಲ,
ಜ್ವಾಳದ ಕಾಳಿನಷ್ಟು ಬರೇ ಜಾಗಾ.
ಅದಕ್ಕ ಮಜೂರಿ ಕೊಡಾವರೂ ಇಲ್ಲ, ಮುರದು ಚೆಲ್ಲಾವರೂ ಇಲ್ಲ.

ಡ್ರೈವರ್ ಕನ್ನಡ್ಯಾಗ ನೋಡಿ ಕೇಳಿದ, ಎಲ್ಲಿ ಇಳೀತಿ ಅಂತ, ಮರಾಠಿಯಾಗ.
'ನಾಕ್ಯಾವರ ಸೋಡಾ' ಅಂದೆ.
ಅಂದು, ಒಬ್ಬಾಕಿನ, ನಕ್ಕೆ.